ಅಡುಗೆಮನೆ ಕಿಟಕಿಯ ಸ್ಕ್ರೂ

ಡಿಸೆಂಬರ್ ೩, ಬುಧವಾರ

ಔಷಧಿ ಅಂಗಡಿಯವನು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಇಷ್ಟು ದಿನ ತಂಗಿಯ ಬೀರುವಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ವರ್ಷ ಮುಗಿಯುವ ಹೊತ್ತಿಗೆ ಡೈರಿ ಬರೆಯಲು ಕೂತವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಬರೆಯದೆ ಏನು ಮಾಡಲಿ? ಈ ಮನೆಯಲ್ಲಿ ನನ್ನ ಮಾತು ಪೂರ್ತಿ ಕೇಳುವವರೇ ಇಲ್ಲ. ತಂಗಿಯ ಬಾಯಿಂದ 'ಹ್ಞೂಂ' ಬಿಟ್ಟರೆ ಬೇರೇನೂ ಬರುವುದಿಲ್ಲ. ಅವಳ ಮಗಳು ಪುಟ್ಟಿ ನಾನು ಅರ್ಧ ಹೇಳುವಷ್ಟರಲ್ಲೇ ನಗುತ್ತಾಳೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನಾದರೂ ನನ್ನ ಅಕ್ಷರ ಮುತ್ತು. ಊರಿನ ಬೋರ್ಡುಗಳನ್ನೆಲ್ಲ ಮೇಷ್ಟ್ರು ನನ್ನ ಕೈಯಲ್ಲೇ ಬರೆಸಿದ್ದರು.

ಬೆಳಿಗ್ಗೆ ಮನೆಯಲ್ಲಿ ಗಲಾಟೆ. ಪೈಪು ಹಾಕಲು ರಸ್ತೆ ಅಗೆದು ಹೋದವರು ತಿರುಗಿ ನೋಡಿಲ್ಲ. ಒಂದು ಗಾಡಿ ಹೋದರೆ ಸಾಕು, ಧೂಳು ನೆಟ್ಟಗೆ ನಮ್ಮ ಮುಂದಿನ ಕೋಣೆಗೆ. ಆ ಕೋಣೆಯಲ್ಲೇ ತಂಗಿ ಇಸ್ತ್ರಿ ಮಾಡುವುದು, ಅದರಲ್ಲೂ ಆಸ್ಪತ್ರೆಯವರ ಬಿಳಿ ಕೋಟುಗಳು. ನರ್ಸಮ್ಮ ಬಂದು ಕೋಟುಗಳನ್ನು ಮೇಜಿನ ಮೇಲೆ ಹಾಕಿ, "ಏನಮ್ಮ ಇದು, ಇಸ್ತ್ರಿ ಮಾಡಿದ್ದೀಯೋ, ರಸ್ತೆ ಗುಡಿಸಿದ್ದೀಯೋ? ಹೀಗೇ ಆದ್ರೆ ಬೇರೆ ಕಡೆ ಕೊಡ್ತೀವಿ," ಎಂದು ಹೋದಳು.

ತಂಗಿ ಮುಖ ಸಣ್ಣದು ಮಾಡಿಕೊಂಡಳು. ಗಂಡ ಹೋದ ಮೇಲೆ ಆ ಇಸ್ತ್ರಿ ಪೆಟ್ಟಿಗೆಯೊಂದರಿಂದಲೇ ಮಗಳನ್ನು ಬೆಳೆಸಿದವಳು. ಪುಟ್ಟಿ ಈಗ ಆರು ತಿಂಗಳ ಗರ್ಭಿಣಿ. ಅಳಿಯ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆ ಇಲ್ಲ. ಮನೆಗೊಬ್ಬ ಗಂಡಸು ಬೇಕು ಅಂತಲೇ ನನ್ನನ್ನು ಕರೆಸಿಕೊಂಡರು. (ತಂಗಿಯನ್ನು ಕೇಳಿದರೆ, ಹೆಂಡತಿ ತೀರಿಕೊಂಡವನು ಒಬ್ಬನೇ ಅನ್ನ ಸೀಯಿಸಿಕೊಂಡು ತಿನ್ನುತ್ತಿದ್ದ ಅನ್ನುತ್ತಾಳೆ. ಅನ್ನಲಿ.)

"ಅಳ್ಬೇಡ. ನಿನ್ನ ಅಣ್ಣ ಯಾರು ಅಂತ ಮರೆತೆಯಾ?" ಎಂದೆ.

"ಅದನ್ನ ದಿನಾ ಹೇಳ್ತೀಯಲ್ಲಣ್ಣ, ಮರೆಯೋದು ಹೇಗೆ," ಎಂದಳು.

ಜೀವಮಾನವೆಲ್ಲ ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ಕೂರಿಸಿದವನು ನಾನು. ನಾನು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಸೊಳ್ಳೆಯ ಮೀಸೆ ಕೂಡ ತೂರುವುದಿಲ್ಲ. ಈ ಗೂಡಿನಂಥ ಮನೆ ನನಗೆ ಯಾವ ಲೆಕ್ಕ!

ಡಿಸೆಂಬರ್ ೬, ಶನಿವಾರ

ಮುಗಿಯಿತು! ಇಂಥ ಕೆಲಸ ಈ ಬೀದಿ ಕಂಡಿಲ್ಲ.

ಮುಂಬಾಗಿಲಿಗೆ ಸುತ್ತಲೂ ರಬ್ಬರ್ ಪಟ್ಟಿ, ಕೆಳಗೆ ದಪ್ಪ ರಬ್ಬರಿನ ನಾಲಿಗೆ. ಕಿಟಕಿಗಳ ಸಂದಿಗೆಲ್ಲ ಅಂಟು. ಸೂರಿನ ಕೆಳಗೆ ಗಾಳಿಗೆಂದು ಬಿಟ್ಟಿದ್ದ ಎರಡು ತೂತುಗಳಿಗೆ ಹಲಗೆ ಬಡಿದೆ. ಅಡುಗೆಮನೆಯ ಕಿಟಕಿಯೊಂದು ಮಾತ್ರ ತೆಗೆದು ಮುಚ್ಚಲು ಬರುತ್ತದೆ, ಅದಕ್ಕೂ ಪಟ್ಟಿ ಕೊಟ್ಟಿದ್ದೇನೆ. ನಮ್ಮ ಕಸುಬಿನ ಪರೀಕ್ಷೆ ಮಾಡಿ ತೋರಿಸಿದೆ: ಬಾಗಿಲಿನ ಸಂದಿಗೆ ಕಾಗದ ಸಿಕ್ಕಿಸಿ ಎಳೆದರೆ ಬರಲಿಲ್ಲ, ಹರಿಯಿತು. ಮೇಣದಬತ್ತಿ ಹಚ್ಚಿ ಎಲ್ಲ ಮೂಲೆಗೂ ಹಿಡಿದೆ. ಜ್ವಾಲೆ ಫೋಟೊ ತೆಗೆಸಿಕೊಳ್ಳುವ ಮದುಮಗಳ ಹಾಗೆ ನಿಂತಿತ್ತು, ಒಂದಿಷ್ಟೂ ಅಲುಗಲಿಲ್ಲ.

ಮೊದಲು ತಂಗಿ ಇಸ್ತ್ರಿ ಪೆಟ್ಟಿಗೆಗೆ ಬೇಕಾದ ಇದ್ದಿಲನ್ನು ಹೊರಗೆ ಜಗಲಿಯ ಮೇಲೆ ಹೊತ್ತಿಸಿ ಕೆಂಡವನ್ನು ಒಳಗೆ ತರುತ್ತಿದ್ದಳು. ಪ್ರತಿ ಸಲ ಬಾಗಿಲು ತೆಗೆದರೆ ನನ್ನ ಕೆಲಸಕ್ಕೆ ಏನು ಬೆಲೆ? ಕೆಂಡದ ಬಾಣಲೆಯನ್ನು ಒಳಗೇ ಮೂಲೆಗೆ ಇಡಿಸಿದೆ.

"ಅಣ್ಣ, ಇದರ ಶಾಖ ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಹೋಗಬಾರದು. ಚಳಿಗಾಲದಲ್ಲಿ ಪುಕ್ಕಟೆ ಬಿಸಿ. ಬಸುರಿ ಹೆಂಗಸು ಬೆಚ್ಚಗಿರಲಿ."

ಸಂಜೆ ನರ್ಸಮ್ಮ ಬಂದು ಕೋಟನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದಳು. ಧೂಳಿನ ಒಂದು ಕಣ ಇಲ್ಲ. ತಂಗಿ ನನ್ನ ಕಡೆ ನೋಡಿ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಡಿಸೆಂಬರ್ ೧೦, ಬುಧವಾರ

ಕೀರ್ತಿ ಹಬ್ಬಿದೆ. ಟೀ ಅಂಗಡಿಯಲ್ಲಿ ನನ್ನದೇ ಮಾತು (ಹೆಚ್ಚಿನದನ್ನು ನಾನೇ ಆಡುತ್ತೇನೆ, ಅದು ಬೇರೆ). ಪಕ್ಕದ ಮನೆಯ ವಾಚ್ ರಿಪೇರಿ ತಾತ ನಿನ್ನೆ ಬಂದು ಕೈ ಹಿಡಿದುಕೊಂಡರು. ಅವರಿಗೆ ಧೂಳೆಂದರೆ ಸಾವು. ಒಂದು ಕಣ ಬಿದ್ದರೆ ವಾಚು ನಿಂತುಹೋಗುತ್ತದಂತೆ. ಅವರು ಕೆಲಸ ಮಾಡುವ ಕೋಣೆ ಒಂದೇ ದಿನದಲ್ಲಿ ಮುಚ್ಚಿಕೊಟ್ಟೆ. ಮಂಡಿನೋವಿಗೆ ಕಾಲ ಬಳಿ ಸೀಮೆಎಣ್ಣೆ ಸ್ಟವ್ ಹಚ್ಚಿಕೊಂಡು ಕೂರುತ್ತಾರೆ. "ಈಗ ಒಂದು ಹನಿ ಎಣ್ಣೆಯ ಬಿಸಿಯೂ ಹೊರಗೆ ಹೋಗಲ್ಲ ತಾತ," ಎಂದೆ. ಬಾಯ್ತುಂಬ ಹೊಗಳಿದರು.

ಎರಡು ದಿನದಿಂದ ತಲೆ ಭಾರ. ತಂಗಿಗೂ ತಲೆನೋವು. ಕನ್ನಡಕ ಬದಲಾಯಿಸು ಅಂತ ಬೈದೆ. ಪುಟ್ಟಿಗೆ ವಾಂತಿ. ಬಸುರಿಗೆ ವಾಂತಿಯಾಗದೆ ಏನು, ನನಗಾಗಬೇಕಾ? ಎಂದಿದ್ದಕ್ಕೆ, "ಅದೆಲ್ಲ ಮೂರನೇ ತಿಂಗಳಿಗೇ ನಿಂತಿತ್ತು ಮಾವ," ಎಂದಳು. ಫೋನು ನೋಡುವುದು ಕಡಿಮೆ ಮಾಡು ಎಂದು ಅದಕ್ಕೂ ಒಂದು ಔಷಧಿ ಹೇಳಿದೆ.

ಡಿಸೆಂಬರ್ ೧೩, ಶನಿವಾರ

ತಂಗಿ ಒಂದು ಕೋಟಿನ ಕಾಲರ್ ಸುಟ್ಟಳು. ಜೀವನದಲ್ಲೇ ಮೊದಲ ಸಲ. "ಕಣ್ಣು ಕತ್ತಲೆ ಬಂತಣ್ಣ," ಎಂದಳು. ನಾನು, ವಯಸ್ಸಾಯ್ತು ಮುದುಕಿ, ಎಂದು ನಕ್ಕೆ. ಅವಳು ನಗಲಿಲ್ಲ. ತಲೆನೋವು. ಇವತ್ತಿಗೆ ಸಾಕು.

ಡಿಸೆಂಬರ್ ೧೪, ಭಾನುವಾರ

ಇಸ್ತ್ರಿಗೆ ರಜೆ. ಮೂವರೂ ಕೆರೆಯ ದಂಡೆಗೆ ಹೋಗಿದ್ದೆವು. ಕೋಲ್ಡ್ ಸ್ಟೋರೇಜಿನ ಬಾಗಿಲು ಹಾಕಿಕೊಂಡು ಮ್ಯಾನೇಜರನೇ ಒಳಗೆ ಸಿಕ್ಕಿಕೊಂಡು, ನನ್ನನ್ನು 'ಅಪ್ಪಾ ತಂದೆ' ಎಂದು ಕೂಗಿದ ಕಥೆ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಟ್ಟಿ ಕಟ್ಟಿಕೊಂಡು ಬಂದಿದ್ದನ್ನೆಲ್ಲ ತಿಂದು ನನ್ನ ಪಾಲಿಗೂ ಕೈ ಹಾಕಿದಳು. ಯಾರಿಗೂ ತಲೆನೋವಿಲ್ಲ. ನನ್ನ ಕಥೆಗಳನ್ನು ಮಾತ್ರೆಯಂತೆ ಮಾರಬಹುದು.

ವಾಪಸ್ಸು ಬರುವಾಗ ಪುಟ್ಟಿ, "ಮಾವ, ಹೊರಗೆ ಬಂದ್ರೆ ಸರಿಹೋಗುತ್ತೆ, ಮನೆಗೆ ಹೋದ್ರೆ ಶುರುವಾಗುತ್ತೆ. ನಾಳೆಯಿಂದ ಅಡುಗೆಮನೆ ಕಿಟಕಿ ತೆಗೆದಿಡ್ತೀನಿ, ಬೇಜಾರು ಮಾಡ್ಕೋಬೇಡ," ಎಂದಳು.

ಹೊಟ್ಟೆಯಲ್ಲಿ ಮಗು ಹೊತ್ತವಳಿಗೆ ಎದುರಾಡುವುದೇಕೆ. ಆದರೆ ನೋಡಿ, ಕಷ್ಟಪಟ್ಟು ಒಂದು ಕೆಲಸ ಮಾಡಿದರೆ ಅದರಲ್ಲಿ ತೂತು ಹುಡುಕುವವರು ಮನೆಯಲ್ಲೇ ಇರುತ್ತಾರೆ.

ಡಿಸೆಂಬರ್ ೧೫, ಸೋಮವಾರ

ಅವರೆದ್ದು ಬರುವ ಮೊದಲೇ ಅಡುಗೆಮನೆ ಕಿಟಕಿಯ ಚೌಕಟ್ಟಿಗೆ ಒಂದು ಸ್ಕ್ರೂ ಜಡಿದೆ. ತಲೆ ಕಾಣದಂತೆ ಮೇಣ ತುಂಬಿ, ಮೇಲೆ ಬಣ್ಣ ಹಚ್ಚಿದೆ. ದೇವರೂ ಪತ್ತೆ ಹಚ್ಚಲಾರ.

ಸಂಜೆ ಪುಟ್ಟಿ ಎಳೆದಳು, ಜಗ್ಗಿದಳು. "ಮಾವ, ಇದು ಬರ್ತಾನೇ ಇಲ್ಲ!"

"ಚಳಿಗೆ ಮರ ಉಬ್ಬಿದೆ ಕಣೇ. ಬೇಸಿಗೆಗೆ ತಾನೇ ಬರುತ್ತೆ."

ಮುಖ ಗಂಟು ಹಾಕಿಕೊಂಡು ಹೋದಳು. ನಗು ತಡೆಯಲು ನಾನು ಬಚ್ಚಲಿಗೆ ಹೋಗಬೇಕಾಯಿತು.

ಡಿಸೆಂಬರ್ ೧೭, ಬುಧವಾರ

ಆಸ್ಪತ್ರೆ. ಇಬ್ಬರೂ ಬದುಕಿದ್ದಾರೆ.

ಡಿಸೆಂಬರ್ ೧೮, ಗುರುವಾರ

ಬರೆಯಬೇಕು. ಬೇರೆ ಯಾರಿಗೆ ಹೇಳಲಿ.

ನಿನ್ನೆ ಮಧ್ಯಾಹ್ನ ನಾನು ಟೀ ಅಂಗಡಿಯಲ್ಲಿದ್ದೆ. ಏನು ಮಾಡುತ್ತಿದ್ದೆ? ಕಾಗದದ ಪರೀಕ್ಷೆ ಹೇಗೆ ಮಾಡುವುದೆಂದು ಅಂಗಡಿಯವನ ಬಾಗಿಲಲ್ಲೇ ತೋರಿಸುತ್ತಿದ್ದೆ. ಆಗ ನರ್ಸಮ್ಮ ಕೋಟು ತೆಗೆದುಕೊಂಡು ಹೋಗಲು ನಮ್ಮ ಮನೆಗೆ ಬಂದಿದ್ದಾಳೆ. ಕರೆದರೆ ಉತ್ತರವಿಲ್ಲ, ಬಟ್ಟೆ ಸುಟ್ಟ ವಾಸನೆ. ಬಾಗಿಲು ದೂಡಿದರೆ ಬರುತ್ತಿಲ್ಲ. ಚಿಲಕ ಹಾಕಿರಲಿಲ್ಲ, ನನ್ನ ರಬ್ಬರು ಅಷ್ಟು ಬಿಗಿಯಾಗಿ ಹಿಡಿದಿತ್ತು. ಒದ್ದು ತೆಗೆದಳಂತೆ. ತಂಗಿ ಮೇಜಿನ ಕೆಳಗೆ ಬಿದ್ದಿದ್ದಳು, ಪೆಟ್ಟಿಗೆ ಕೋಟಿನ ಮೇಲೇ ಕೂತು ಸುಡುತ್ತಿತ್ತು. ಪುಟ್ಟಿ ಅಡುಗೆಮನೆಯಲ್ಲಿ, ಕಿಟಕಿಯ ಕೆಳಗೆ.

ನಾನು ಓಡಿಬಂದಾಗ ಇಬ್ಬರನ್ನೂ ಬೀದಿಯಲ್ಲಿ ಮಲಗಿಸಿದ್ದರು. ನರ್ಸಮ್ಮ ನನ್ನ ಮೇಲೆ ಹರಿಹಾಯ್ದಳು: "ಏನ್ರೀ ಅದು ಬಾಗಿಲು? ಮನೆಗೆ ಹಾಕೋದಾ, ಹೆಣ ಇಡೋ ಪೆಟ್ಟಿಗೆಗೆ ಹಾಕೋದಾ?"

ಡಾಕ್ಟರ್ ಚಿಕ್ಕ ವಯಸ್ಸಿನವರು. ಕೆಂಡದಿಂದ ಒಂದು ವಿಷಗಾಳಿ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಮನೆಯಲ್ಲಿ ಅದೇ ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಉಸಿರಿನ ಜಾಗಕ್ಕೆ ತಾನು ಹೋಗಿ ಕೂರುತ್ತದೆ ಎಂದರು. ತಲೆನೋವು, ವಾಂತಿ, ಕಣ್ಣು ಕತ್ತಲೆ ಎಲ್ಲ ಅದರದೇ. ಇಬ್ಬರ ಮುಖಕ್ಕೂ ಆಮ್ಲಜನಕದ ಮುಖವಾಡ. ಮಗುವಿನ ಎದೆಬಡಿತ ಇದೆ ಎಂದರು. ಆದರೆ ತಾಯಿಗಿಂತ ಹೊಟ್ಟೆಯಲ್ಲಿರುವ ಮಗುವಿನ ರಕ್ತದಿಂದ ಅದು ಹೋಗುವುದು ನಿಧಾನ, ಮುಂದೆ ಬೆಳವಣಿಗೆ ನೋಡಬೇಕು, ಈಗಲೇ ಏನೂ ಹೇಳಲಾಗದು.

"ಮನೆ ಯಾಕೆ ಹಾಗೆ ಮುಚ್ಚಿತ್ತು? ಯಾರು ಮುಚ್ಚಿದ್ದು?" ಎಂದು ಕೇಳಿದರು.

ತಂಗಿ ಮುಖವಾಡ ಸರಿಸಿ ಹೇಳಿದಳು: "ಧೂಳು ಡಾಕ್ಟ್ರೇ. ನಾವೇ ಮುಚ್ಕೊಂಡಿದ್ವಿ."

ನಾನು ಅಲ್ಲೇ ನಿಂತಿದ್ದೆ. ಡಾಕ್ಟರ್ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಚಿತ್ರ ನೋಡತೊಡಗಿದೆ.

ಪುಟ್ಟಿಯ ಬಲಗೈಯ ಎರಡು ಉಗುರು ಬುಡದವರೆಗೆ ಮುರಿದಿವೆ. ಬಿದ್ದಾಗ ಆಗಿರಬೇಕು ಎಂದು ನರ್ಸು ಪಟ್ಟಿ ಕಟ್ಟಿದಳು. ಬಿದ್ದಾಗ ಆಗಿದ್ದಲ್ಲ.

ಡಿಸೆಂಬರ್ ೧೯, ಶುಕ್ರವಾರ

ಬಟ್ಟೆ ತರಲು ಮನೆಗೆ ಬಂದೆ. ಮೊದಲು ಹೋಗಿದ್ದು ಕಿಟಕಿಯ ಹತ್ತಿರ. ಬಣ್ಣದ ಮೇಲೆ ಉಗುರಿನ ಗೀರು, ಸ್ವಲ್ಪ ರಕ್ತ. ಯಾರೂ ನೋಡುವ ಮೊದಲು ಸ್ಕ್ರೂ ತೆಗೆದುಬಿಡೋಣವೆಂದು ಕೂತೆ. ಅವಸರಕ್ಕೆ ಸ್ಕ್ರೂಡ್ರೈವರ್ ಜಾರಿ ಜಾರಿ ಸ್ಕ್ರೂವಿನ ತಲೆಯೇ ಸವೆದುಹೋಯಿತು. ಈಗ ಬರುವುದೂ ಇಲ್ಲ, ಮುಚ್ಚಿಡಲೂ ಆಗುವುದಿಲ್ಲ, ಹೊಳೆಯುತ್ತ ಕೂತಿದೆ.

ಕೋಲ್ಡ್ ಸ್ಟೋರೇಜಿನಲ್ಲಿ ಸೇಬಿನ ಕೋಣೆಯೊಂದಿತ್ತು. ಹಣ್ಣು ಕೆಡದಿರಲೆಂದು ಅದರೊಳಗಿನ ಗಾಳಿಯನ್ನೇ ಬದಲಾಯಿಸಿ ಮುಚ್ಚುತ್ತಿದ್ದರು. ಬಾಗಿಲು ತೆಗೆದ ಕೂಡಲೇ ಯಾರೂ ಒಳಗೆ ಹೋಗುವಂತಿರಲಿಲ್ಲ. ಹೊಸ ಹಮಾಲಿ ಒಬ್ಬ ಕಾಲಿಟ್ಟಾಗ ಅಂಗಿ ಹಿಡಿದು ಹೊರಗೆ ಎಳೆದು ಕೆನ್ನೆಗೆ ಹೊಡೆದಿದ್ದೆ. "ಗಾಳಿ ಇಲ್ಲದ ಕಡೆ ಹೋಗ್ತೀಯೇನೋ ಕತ್ತೆ? ಸಾಯ್ತೀಯ!" ಎಂದು ಕೂಗಾಡಿದ್ದೆ.

ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಅಳುವ ದಾರಿಯೂ ನನಗಿಲ್ಲ.

ಬಟ್ಟೆ ಗಂಟು ಕಟ್ಟುವಾಗ ವಾಚ್ ತಾತನ ನೆನಪು ಬಂತು. ಸ್ಟವ್! ಹೊರಗೆ ಬಂದೆ. ಅವರ ಮನೆಯ ಮುಂದೆ ಟೀ ಅಂಗಡಿಯವನೂ ಇನ್ನಿಬ್ಬರೂ ನಿಂತು ನಮ್ಮ ಮನೆಯ ಕಡೆಗೇ ನೋಡುತ್ತಿದ್ದರು. ಏನಾಯಿತು, ಹೇಗಾಯಿತು ಎಂದು ಕೇಳುತ್ತಾರೆ. ಇದ್ದಿಲು ಸರಿಯಿರಲಿಲ್ಲ ಎನ್ನಲೇ? ತಾತ ಗಟ್ಟಿ ಮನುಷ್ಯ, ಸಣ್ಣ ಸ್ಟವ್, ದೊಡ್ಡ ಕೋಣೆ. ಆಸ್ಪತ್ರೆಗೆ ಹೊತ್ತಾಯಿತು ಎಂದುಕೊಂಡು ತಲೆ ತಗ್ಗಿಸಿ ಹಾದುಹೋದೆ.

ಕೋಣೆ ದೊಡ್ಡದಲ್ಲ. ಅಳತೆ ತೆಗೆದವನು ನಾನೇ.

ಡಿಸೆಂಬರ್ ೨೦, ಶನಿವಾರ

ಬೆಳಕು ಹರಿಯುತ್ತಿದ್ದ ಹಾಗೆ ಆಸ್ಪತ್ರೆಯಿಂದ ನಡೆದೇ ಬಂದೆ. ತಾತನ ಬಾಗಿಲು ಬಡಿದೆ. ತೆಗೆಯಲಿಲ್ಲ. ಮತ್ತೆ ಬಡಿದೆ. ನನ್ನ ಕೈಯಾರೆ ಕೂರಿಸಿದ ರಬ್ಬರಿನಾಚೆ ಒಂದು ಸದ್ದೂ ಇಲ್ಲ. ಭುಜ ಕೊಟ್ಟು ಗುದ್ದುವ ಹೊತ್ತಿಗೆ ಬೀದಿಯೆಲ್ಲ ಎದ್ದಿತ್ತು.

ಬಾಗಿಲು ತೆರೆಯಿತು. ತಾತ ಗೋಡೆ ಹಿಡಿದು ನಿಂತಿದ್ದರು.

"ಏನೋ ಇದು ಗಲಾಟೆ? ಸತ್ತೆ ಅಂದ್ಕೊಂಡೆಯಾ?"

ಒಳಗೆ ನುಗ್ಗಿ ಸ್ಟವ್ ಆರಿಸಿದೆ, ಅವರನ್ನು ಜಗಲಿಗೆ ತಂದು ಕೂರಿಸಿದೆ. ಅವರ ಮೇಜು ಖಾಲಿಯಾಗಿತ್ತು. ಚಿಮಟ, ಕಣ್ಣಿಗಿಡುವ ಭೂತಗನ್ನಡಿ, ಸಣ್ಣ ಸಣ್ಣ ಸ್ಕ್ರೂಡ್ರೈವರ್‌ಗಳು, ಎಲ್ಲ ಒಂದು ಡಬ್ಬಿಗೆ ತುಂಬಿಟ್ಟಿದ್ದರು.

"ಇದ್ಯಾಕೆ ತಾತ?"

"ಸಾಕಾಯ್ತು. ನಾಲ್ಕು ದಿನದಿಂದ ತಲೆ ಸುತ್ತುತ್ತೆ, ಕೈ ನಡುಗುತ್ತೆ, ಮುಳ್ಳು ಹಿಡಿದರೆ ನಿಲ್ಲಲ್ಲ. ವಯಸ್ಸು ಬಂತಪ್ಪ. ಯಾರಿಗಾದರೂ ಕೊಟ್ಟುಬಿಡೋಣ ಅಂತ."

ಬೀದಿಯವರೆಲ್ಲ ನಿಂತಿದ್ದರು. ಟೀ ಅಂಗಡಿಯವನು ಮುಂದೆಯೇ.

"ವಯಸ್ಸಲ್ಲ ತಾತ. ನಾನು," ಎಂದೆ.

"ಏನಂದೆ?"

ಜೋರಾಗಿ ಹೇಳಿದೆ. ಗಾಳಿ ಹೋಗುವ ದಾರಿ ಮುಚ್ಚಿದವನು ನಾನು, ಅಲ್ಲಿ ಮನೆಯವರು ಬಿದ್ದಿದ್ದು ನನ್ನಿಂದ, ಇಲ್ಲಿ ನಿಮ್ಮ ಕೈ ನಡುಗಿದ್ದು ನನ್ನಿಂದ, ನಿನ್ನೆಯೇ ಹೇಳಬೇಕಿತ್ತು, ನಾಚಿಕೆಯಾಗಿ ಹೇಳಲಿಲ್ಲ ಎಂದೆ.

ತಾತ ತಮ್ಮ ಎರಡೂ ಕೈ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿಕೊಂಡರು. "ರಾತ್ರಿಯೆಲ್ಲ ಈ ಕೈಗಳನ್ನ ಬೈದೆನಲ್ಲೋ," ಎಂದರು. "ಅಯ್ಯೋ, ಬೈದೆನಲ್ಲೋ."

ಹೊಡೆದಿದ್ದರೆ ಚೆನ್ನಾಗಿತ್ತು.

ಟೀ ಅಂಗಡಿಯವನು, "ಸೊಳ್ಳೆ ಮೀಸೆ ಅಂತಿದ್ದೆ," ಎಂದ. ಅಷ್ಟೇ. ಆಮೇಲೆ ಅವನೇ ಸುತ್ತಿಗೆ ತಂದುಕೊಟ್ಟ. ತಾತನ ಕೋಣೆಯ ರಬ್ಬರನ್ನೆಲ್ಲ ಕಿತ್ತೆ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅದೇ ಡಾಕ್ಟರಿಗೆ ತೋರಿಸಿದೆ. "ಇವರ ಮನೆ ಯಾರು ಮುಚ್ಚಿದ್ದು?" ಎಂದು ಅವರು ಮತ್ತೆ ಕೇಳಿದರು.

"ನಾನು. ಆ ಮನೇನೂ ನಾನೇ."

ಡಿಸೆಂಬರ್ ೨೩, ಮಂಗಳವಾರ

ಇಬ್ಬರನ್ನೂ ಮನೆಗೆ ಕಳಿಸಿದರು. ಅವರು ಬರುವುದರೊಳಗೆ ಎಲ್ಲ ಬಿಚ್ಚಿದ್ದೆ. ಸೂರಿನ ತೂತುಗಳ ಹಲಗೆ ಕಿತ್ತೆ. ಅಡುಗೆಮನೆ ಕಿಟಕಿ ಮಾತ್ರ ಆ ಸ್ಕ್ರೂವಿನಿಂದ ಬರಲಿಲ್ಲ. ಕಿಟಕಿಯ ಕದವನ್ನೇ ಗರಗಸದಿಂದ ಕೊಯ್ದು ತೆಗೆದೆ. ಈಗ ಅಲ್ಲಿ ಬರೀ ಚೌಕಟ್ಟಿದೆ, ಅದಕ್ಕೇ ಕಚ್ಚಿಕೊಂಡು ಉಳಿದ ಮರದ ತುಂಡಿನಲ್ಲಿ ಸ್ಕ್ರೂ.

ಅಳಿಯ ಲಾರಿಯನ್ನು ಎಲ್ಲೋ ಬಿಟ್ಟು ಓಡಿಬಂದಿದ್ದ. ಅಡುಗೆಮನೆಗೆ ನೀರು ಕುಡಿಯಲು ಹೋದವನು ಅಲ್ಲೇ ನಿಂತ.

"ಇದಕ್ಕೆ ಸ್ಕ್ರೂ ಹೊಡೆದಿದ್ದು ಯಾರು?"

ತಂಗಿ, "ಹಳೇದಿರಬೇಕು, ಮೊದಲಿಂದ..." ಎಂದು ಶುರು ಮಾಡಿದಳು. ನಾನು ಅವಳನ್ನು ಮುಗಿಸಲು ಬಿಡಲಿಲ್ಲ.

"ಸೋಮವಾರ ಬೆಳಿಗ್ಗೆ ನಾನು ಹೊಡೆದೆ. ಪುಟ್ಟಿ ಕಿಟಕಿ ತೆಗೀತೀನಿ ಅಂದಿದ್ದಕ್ಕೆ. ಮರ ಉಬ್ಬಿದೆ ಅಂತ ಸುಳ್ಳು ಹೇಳ್ದೆ."

ಅಳಿಯ ಲೋಟ ಕೆಳಗಿಟ್ಟು ನನ್ನ ಕಡೆ ಬಂದ. ಪುಟ್ಟಿ ಅವನ ತೋಳು ಹಿಡಿದಳು. ಪಟ್ಟಿ ಕಟ್ಟಿದ ಕೈ. ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಕೂತು ಕಿವಿ ಹಿಂಡುತ್ತಿದ್ದವಳು.

"ಎಳೆದೆ ಮಾವ. ಅಲ್ಲಿ ಬಿದ್ದುಕೊಂಡು ಎಳೆದೆ. ಮರ ಅಲ್ವಾ, ಇನ್ನೊಂದು ಸಲ ಎಳೆದ್ರೆ ಬರುತ್ತೆ ಅಂತ ಎಳೆದೆ."

ನಾನು ನೆಲ ನೋಡುತ್ತಿದ್ದೆ.

"ಎಲ್ಲಿಗೂ ಹೋಗ್ಬೇಡಿ. ಅಮ್ಮನಿಗೆ ಕಷ್ಟ ಆಗುತ್ತೆ, ಇಲ್ಲೇ ಇರಿ. ಆದ್ರೆ ನನ್ನ ಜೊತೆ ಮಾತಾಡ್ಬೇಡಿ. ಈ ಮಗು ಸರಿಯಾಗಿದೆ ಅಂತ ಗೊತ್ತಾಗೋವರೆಗೂ ಒಂದು ಮಾತೂ ಬೇಡ."

ಹುಟ್ಟಿದಾಗಿನಿಂದ ನನಗೆ 'ನೀನು' ಎಂದವಳು.

ಡಿಸೆಂಬರ್ ೨೮, ಭಾನುವಾರ

ಜಗಲಿಗೆ ತಗಡಿನ ಚಪ್ಪರ ಹಾಕಿದೆ. ಮೂರು ಕಡೆ ತೆರೆದಿದೆ. ಇಸ್ತ್ರಿ ಮೇಜು, ಕೆಂಡ ಎಲ್ಲ ಅಲ್ಲಿಗೆ. ರಸ್ತೆಯ ಕಡೆ ಹಳೆಯ ಬಟ್ಟೆಗಳನ್ನು ಒದ್ದೆ ಮಾಡಿ ಪರದೆಯಂತೆ ಕಟ್ಟಿದ್ದೇನೆ, ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಒಣಗಿದ ಹಾಗೆಲ್ಲ ನೀರು ಹಾಕಬೇಕು. ರಸ್ತೆಗೂ ನೀರು ಹಾಕುತ್ತೇನೆ. ಆದರೂ ಸ್ವಲ್ಪ ಧೂಳು ಬರುತ್ತದೆ. ಬಂದದ್ದನ್ನು ತಂಗಿ ಕೊಡವುತ್ತಾಳೆ.

ಮನೆಯೊಳಗೆ ಚಳಿ. ಪುಟ್ಟಿ ಎರಡು ಕಂಬಳಿ ಹೊದ್ದು ತೆರೆದ ಕಿಟಕಿಯ ಪಕ್ಕದಲ್ಲೇ ಕೂರುತ್ತಾಳೆ. ಊಟಕ್ಕೆ ಕೂತಾಗ ಒಂದು ತಮಾಷೆ ನೆನಪಾಗಿ ನಾಲಿಗೆಯ ತುದಿಗೆ ಬಂತು. ಅನ್ನದ ಜೊತೆ ನುಂಗಿದೆ. ಟೀ ಅಂಗಡಿಗೆ ಹೋಗಿಲ್ಲ. ಹೋಗಲು ಪುರುಸೊತ್ತಿಲ್ಲ, ನೀರು ಹಾಕಬೇಕಲ್ಲ.

ಜನವರಿ ೯, ಶುಕ್ರವಾರ

ಡೈರಿ ಮುಗಿದಿದೆ. ಕೊನೆಯಲ್ಲಿ ಉಳಿದ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಇವತ್ತು ಮಗುವಿನ ಸ್ಕ್ಯಾನ್. ಅಳಿಯ ಲಾರಿಯ ಮೇಲೆ ಹೋಗಿದ್ದರಿಂದ ಚೀಲ ಹೊತ್ತುಕೊಂಡು ನಾನು ಹಿಂದೆ ಹೋದೆ. ತಾಯಿ ಮಗಳು ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕೂತವರೊಬ್ಬರು, "ಯಾವ ಕಡೆ ಕೆಲಸ ನಿಮ್ಮದು?" ಎಂದು ಮಾತಿಗೆಳೆದರು. "ನೀರು ಹಾಕ್ತೀನಿ," ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಬಾಗಿಲು ತೆಗೆದು ಇಬ್ಬರೂ ಬಂದರು. ತಂಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾವ ಕಣ್ಣೀರು ಎಂದು ಗೊತ್ತಾಗಲಿಲ್ಲ. ನಾನು ಎದ್ದು ನಿಂತೆ. ಕೇಳುವ ಹಾಗಿಲ್ಲ. ಪುಟ್ಟಿ ನನ್ನ ಕಡೆ ನೋಡದೆ ನನ್ನನ್ನು ದಾಟಿ ಎರಡು ಹೆಜ್ಜೆ ಹೋದಳು. ಆಮೇಲೆ ನಿಂತು, ತಾಯಿಯ ಕಡೆ ತಿರುಗಿ, ಆ ಉದ್ದನೆಯ ಪಡಸಾಲೆಯ ಆ ತುದಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಅಮ್ಮಾ, ಮಗು ಚೆನ್ನಾಗಿ ಬೆಳೀತಾ ಇದೆಯಂತೆ. ಹುಟ್ಟೋವರೆಗೂ ನೋಡ್ತಾ ಇರ್ಬೇಕಂತೆ, ಆದ್ರೆ ಈಗ ಎಲ್ಲ ಸರಿಯಾಗೇ ಇದೆಯಂತೆ."

ತಂಗಿಯೂ ಅವಳ ಜೊತೆ ಒಳಗೇ ಇದ್ದಳು. ಡಾಕ್ಟರ್ ಹೇಳಿದ್ದನ್ನು ಅವಳೂ ಕೇಳಿರಬೇಕು. ಮತ್ತೆ ಅಷ್ಟು ಜೋರಾಗಿ ಯಾಕೆ ಹೇಳಿದಳೋ.

ಚೀಲ ಎತ್ತಿಕೊಂಡು ಅವರ ಹಿಂದೆ ನಡೆದೆ.